ಇದಾನೆ, ಇದಾರೆ

ಡಬ್ಬಿಯ ಚಿಲಕ ಹಾಕಿದ್ದೆನೋ ಇಲ್ಲವೋ ಎಂಬುದು ಬೆಳಗಾದರೂ ಅವನಿಗೆ ನೆನಪಾಗಲಿಲ್ಲ. ಹಾಕಿದ ನೆನಪೂ ಇತ್ತು, ಹಾಕದ ನೆನಪೂ ಇತ್ತು, ಎರಡೂ ಅಷ್ಟೇ ಸ್ಪಷ್ಟವಾಗಿದ್ದವು. ಡೇರೆಗಳಿಂದ ದೂರದಲ್ಲಿ ಬಂಡೆಗೆ ಸರಪಳಿ ಹಾಕಿ ಬಿಗಿದಿದ್ದ ಆ ಕಬ್ಬಿಣದ ಡಬ್ಬಿಯಲ್ಲಿ ಕ್ಯಾಂಪಿನ ಊಟದ ಸಾಮಾನೆಲ್ಲ ಇರುತ್ತಿತ್ತು. ಕರಡಿ ಬಂದು ಮುಚ್ಚಳ ಎತ್ತಿ, ಹಿಟ್ಟನ್ನೆಲ್ಲ ಚೆಲ್ಲಿ, ಸಕ್ಕರೆಯ ಚೀಲವನ್ನು ನೆಕ್ಕಿ ನೆಕ್ಕಿ ಒಗೆದ ಬಟ್ಟೆಯ ಹಾಗೆ ಮಾಡಿಟ್ಟು ಹೋಗಿತ್ತು. ಕ್ಯಾಂಪಿಗೆ ಬಂದ ಅತಿಥಿಗಳು ಚಹಾದ ಲೋಟ ಹಿಡಿದು ಸುತ್ತ ನಿಂತು ನೋಡುತ್ತಿದ್ದಾಗ ಮಾವ ಅವನನ್ನು ಕರೆದರು. ಬೈಯಲಿಲ್ಲ. ಚಿಲಕ ಎತ್ತಿ ಬಿಟ್ಟರು, ಟಕ್ ಎಂದಿತು. ಮತ್ತೆ ಎತ್ತಿ ಬಿಟ್ಟರು. "ಈ ಸದ್ದು ಬಂದ್ರೆ ಹಾಕಿದೆ ಅಂತ. ಬರ್ಲಿಲ್ಲ ಅಂದ್ರೆ ಹಾಕ್ಲಿಲ್ಲ ಅಂತ. ಅರ್ಥ ಆಯ್ತಾ?" ಅವನು ಏನೋ ಕೇಳಿಸದವನ ಹಾಗೆ "ಏನು?" ಎಂದುಬಿಟ್ಟ. ಯಾಕೆ ಹಾಗೆಂದನೋ. "ಒಂದ್ಸಲ ಹೇಳಿದ್ರೆ ತಲೆಗೆ ಹೋಗಲ್ವಾ ನಿಂಗೆ? ಎಲ್ಲಾನೂ ಎರಡೆರಡು ಸಲ ಕೇಳ್ತೀಯಲ್ಲ." ಅತಿಥಿಗಳಲ್ಲಿ ಒಬ್ಬ ಹೆಂಗಸು, ನರೆತ ಕೂದಲಿನ ಡಾಕ್ಟರು, ಇದನ್ನು ನೋಡಲಾರದೆ ಮುಖ ತಿರುಗಿಸಿ ಗುಡ್ಡ ನೋಡತೊಡಗಿದಳು. ಅವಳ ಆ ಕರುಣೆ ಮಾವನ ಮಾತಿಗಿಂತ ಹೆಚ್ಚು ಚುಚ್ಚಿತು. ಅವನು ಹಿಟ್ಟು ಬಳಿಯಲು ಕೂತ. ಗುಡ್ಡದ ಆಚೆ ಎಲ್ಲೋ ಸುಡುತ್ತಿರುವ ವಾಸನೆ ಆಗಲೇ ಇತ್ತು, ಆದರೆ ಆ ಒಣ ತಿಂಗಳಲ್ಲಿ ಅದು ದಿನವೂ ಇರುವ ವಾಸನೆ. ಯಾರೂ ಮೂಗೆತ್ತಲಿಲ್ಲ.

"ಮನೆ ಅಳಿಯನಿಗಾದ್ರೂ ಮನೆ ಅಂತ ಒಂದಿರುತ್ತೆ," ಎಂದಳು ಅಡುಗೆಯವಳು, ಅವನ ಜೊತೆ ಹಿಟ್ಟು ಬಳಿಯುತ್ತ. "ನಮ್ಮ ಅಳಿಯಂದ್ರು ಡೇರೆ ಅಳಿಯ. ಗಾಳಿ ಬಂದ್ರೆ ಅದೂ ಇಲ್ಲ." ಅವನು ನಕ್ಕ. ಅವಳ ಎದುರು ನಗುವುದು ಸುಲಭವಾಗಿತ್ತು. ಮದುವೆಯಾದ ಮೇಲೆ ಅವನೇ ಒಪ್ಪಿ ಬಂದವನು. ಕಾಡು, ಕ್ಯಾಂಪು, ಹೆಂಡತಿ, ಎಲ್ಲವೂ ಒಟ್ಟಿಗೇ ಸಿಗುತ್ತವೆ ಎಂದುಕೊಂಡು ಬಂದಿದ್ದ. ಎಲ್ಲವೂ ಸಿಕ್ಕವು, ಆದರೆ ಮಾವನ ಕೈಯಿಂದ ಒಂದೊಂದಾಗಿ, ಮಕ್ಕಳಿಗೆ ಪೆಪ್ಪರಮೆಂಟು ಕೊಟ್ಟ ಹಾಗೆ. ಮಾವ ಯಾವುದನ್ನೂ ಮುಟ್ಟದೆ ನಂಬುವವರಲ್ಲ. ಅವನು ಕಟ್ಟಿದ ಹಗ್ಗವನ್ನು ಎಳೆದು ನೋಡುವರು, ಅವನು ತೊಳೆದ ಪಾತ್ರೆಯನ್ನು ಮೂಸುವರು, ಮೂಗಿನಲ್ಲಿ ಭುಸ್ ಭುಸ್ ಎಂದು ಗಾಳಿ ಬಿಡುತ್ತ ಒಂದೊಂದನ್ನೇ ತಿರುವಿ ಹಾಕುವರು. ಕರಡಿಯನ್ನು ಮೊದಲ ಸಲ ಹತ್ತಿರದಿಂದ ನೋಡಿದ ದಿನ ಅವನು ಹೆದರಿದ್ದು ಸುಳ್ಳಲ್ಲ. ಆದರೆ ಅದು ಹಿಂಗಾಲ ಮೇಲೆ ಎದ್ದು, ಒಗೆದು ಹಾಕಿದ್ದ ಬಟ್ಟೆಗಳನ್ನು ಒಂದೊಂದಾಗಿ ಎಳೆದು, ಮೂಸಿ, ಮೆಚ್ಚದೆ ಬಿಸಾಡುವುದನ್ನು ನೋಡಿ ಅವನ ಬಾಯಿಂದ ಮಾತು ಜಾರಿತ್ತು: "ಮಾವ ಬಂದ." ಪಕ್ಕದಲ್ಲಿದ್ದ ದುರ್ಬೀನು ನಗು ತಡೆಯಲಾರದೆ ನೆಲಕ್ಕೆ ಕುಸಿದು ಕೂತಿದ್ದ.

ದುರ್ಬೀನು ಅಂದರೆ ಮಾವನ ಅಕ್ಕನ ಮಗ. ಊಟ ಮಾಡುವಾಗಲೂ ಕೊರಳಿಂದ ದುರ್ಬೀನು ತೆಗೆಯದ ಕಾರಣ ಅದೇ ಹೆಸರಾಗಿತ್ತು. ಅತಿಥಿಗಳ ಮುಂದೆ ವಾಕಿಟಾಕಿಯಲ್ಲಿ ಕರಡಿ ಎಂದು ಕೂಗಿದರೆ ಗಲಾಟೆಯಾಗುತ್ತದೆ, ಒಬ್ಬ ಓಡಿದರೆ ಎಲ್ಲರೂ ಓಡುತ್ತಾರೆ. ಹಾಗಾಗಿ ಆ ತಮಾಷೆಯೇ ಕೆಲಸದ ಮಾತಾಯಿತು. ಮಾವ ಬಂದ, ಮಾವ ಹೋದ, ಮಾವ ಮರ ಹತ್ತಿದಾನೆ. ಸಂಕಟವೆಂದರೆ ನಿಜವಾದ ಮಾವ ಇಬ್ಬರಿಗೂ ಮಾವನೇ. ಅವನಿಗೆ ಹೆಂಡತಿಯ ಅಪ್ಪ, ದುರ್ಬೀನಿಗೆ ಅಮ್ಮನ ತಮ್ಮ. ಅದಕ್ಕೂ ದಾರಿ ಇತ್ತು. ಕರಡಿಗೆ ಏಕವಚನ, ಮಾವನಿಗೆ ಬಹುವಚನ. ಇದಾನೆ ಎಂದರೆ ಕರಡಿ, ಇದಾರೆ ಎಂದರೆ ಮನುಷ್ಯ. "ಒಂದಕ್ಷರದ ಮರ್ಯಾದೆ ಭಾವ, ಮರೀಬೇಡ," ಎನ್ನುತ್ತಿದ್ದ ದುರ್ಬೀನು. ಮಾವ ವಾಕಿಟಾಕಿ ಇಟ್ಟುಕೊಳ್ಳುತ್ತಿರಲಿಲ್ಲ, ಕಿವಿಗೆ ಕಿರಿಕಿರಿ ಎನ್ನುತ್ತಿದ್ದರು. ಅವರಿಗೆ ಇದೇನೂ ಗೊತ್ತಿರಲಿಲ್ಲ. ಬೆಳಿಗ್ಗೆ ಚಿಲಕದ ಪಾಠ ಮುಗಿಸಿ ಅವರು ಒಂಟಿಯಾಗಿ ಕಾಡಿಗೆ ಇಳಿದಿದ್ದು ಬೆಂಕಿಗೆರೆ ನೋಡಲು. ಬೆಂಕಿ ದಾಟದಿರಲಿ ಎಂದು ಕ್ಯಾಂಪಿನ ಸುತ್ತ ಹುಲ್ಲು ಕೆರೆದು ತೆಗೆದ ಆ ಪಟ್ಟಿಯನ್ನು ಕಳೆದ ವಾರ ಅವನು ಬೆನ್ನು ಬಾಗಿಸಿ ಕೆರೆದಿದ್ದ, ಅಂಗೈಯಲ್ಲಿ ಬೊಬ್ಬೆ ಇನ್ನೂ ಮಾಸಿರಲಿಲ್ಲ. "ನೀನು ಮಾಡಿದ್ದಲ್ವಾ, ಒಂದ್ಸಲ ನೋಡ್ಕೊಂಡ್ ಬರ್ತೀನಿ," ಎಂದಿದ್ದರು.

ಗಾಳಿ ತಿರುಗಿದ್ದು ಅವನಿಗೆ ಮೊದಲು ತಿಳಿದದ್ದು ಬಟ್ಟೆಯಿಂದ. ಒಣಗಲು ಹಾಕಿದ್ದ ಟವೆಲುಗಳೆಲ್ಲ ಒಮ್ಮೆಗೇ ಕ್ಯಾಂಪಿನ ಕಡೆಗೆ ತಿರುಗಿ ನೆಟ್ಟಗಾದವು. ಆಮೇಲೆ ಬೂದಿ ಬಂತು, ಸುಮ್ಮನೆ, ಚಹಾದ ಲೋಟಗಳ ಮೇಲೆ ಕೂರುವಷ್ಟು ಹಗುರ. ಗುಡ್ಡದ ನೆತ್ತಿಯಲ್ಲಿ ಹೊಗೆ ಬಿಳಿಯಿಂದ ಹಳದಿಗೆ ತಿರುಗಿತ್ತು. ಅವನು ಕೂಗಲಿಲ್ಲ. ಅಚ್ಚರಿಯೆಂದರೆ ಅವನ ಒಳಗೆ ಬೆಳಗಿನಿಂದ ಇದ್ದ ಗೊಂದಲ ಆ ಕ್ಷಣ ನಿಂತೇಹೋಯಿತು. ನೀರಿನ ಬಾಟಲಿ, ಬೂಟು, ಒದ್ದೆ ಬಟ್ಟೆ ಮೂಗಿಗೆ, ಬೇರೇನೂ ಬೇಡ ಎಂದು ಹೇಳುತ್ತ ಡೇರೆಯಿಂದ ಡೇರೆಗೆ ನಡೆದ. ಕೆಳಗಿನ ರಸ್ತೆಗೆ ಎರಡು ದಾರಿ. ಒಂದು ಹಳ್ಳದ ದಾರಿ, ಹತ್ತಿರದ್ದು, ತೇವವಿರುವುದು. ಇನ್ನೊಂದು ಬಂಡೆ ದಾರಿ, ದೂರ, ಕಡಿದಾದದ್ದು, ಆದರೆ ಸುಡಲು ಹುಲ್ಲೇ ಇಲ್ಲದ್ದು. ಹಳ್ಳದ ಕಡೆ ಎಂದು ಅವನು ಕೈ ತೋರಿಸಿದ್ದ ಕೂಡ. ಆಗ ವಾಕಿಟಾಕಿ ಕರಕರ ಎಂದಿತು. ಕಾವಲು ಬಂಡೆಯ ಮೇಲಿನಿಂದ ದುರ್ಬೀನು: "ಭಾವ, ಹಳ್ಳದ ಗುಂಡಿ ಹತ್ರ ಮಾವ ಇದಾ..." ಆಮೇಲೆ ಒಂದಕ್ಷರ, ಆಮೇಲೆ ಬರೀ ಖರ್ ಎಂಬ ಸದ್ದು. ಡಾಕ್ಟರು ಅವನ ಮುಖವನ್ನೇ ನೋಡುತ್ತಿದ್ದಳು. ಎಲ್ಲರೂ ನೋಡುತ್ತಿದ್ದರು. ವಾಕಿಟಾಕಿಯ ಗುಂಡಿ ಒತ್ತಿ, ಏನಂದೆ, ಇನ್ನೊಂದ್ಸಲ ಹೇಳು, ಎನ್ನಬೇಕು. ಅದು ಕ್ಯಾಂಪಿನ ನಿಯಮವೂ ಹೌದು. ಅವನ ಹೆಬ್ಬೆರಳು ಗುಂಡಿಯ ಮೇಲಿತ್ತು. ಎಲ್ಲಾನೂ ಎರಡೆರಡು ಸಲ ಕೇಳ್ತೀಯಲ್ಲ. ಅವನು ವಾಕಿಟಾಕಿಯ ಸದ್ದು ತಗ್ಗಿಸಿ ಜೇಬಿಗೆ ಹಾಕಿಕೊಂಡ. "ಬಂಡೆ ದಾರೀಲಿ ಹೋಗೋಣ," ಎಂದ. ಅವನ ದನಿ ಅವನಿಗೇ ಮೆಚ್ಚಿಗೆಯಾಯಿತು.

ಇಳಿಯುವಾಗ ಅವನು ಒಮ್ಮೆಯೂ ತಡವರಿಸಲಿಲ್ಲ. ಡಾಕ್ಟರ ಕೈ ಹಿಡಿದು ಕಡಿದಾದ ಕಡೆ ಇಳಿಸಿದ. ಅಡುಗೆಯವಳು ಕೂತೇ ಜಾರುತ್ತ, "ಇಷ್ಟು ವರ್ಷ ತಿಂದಿದ್ದೆಲ್ಲ ಇವತ್ತು ಉಪಯೋಗಕ್ಕೆ ಬಂತು ನೋಡಿ," ಎಂದು ಎಲ್ಲರನ್ನೂ ನಗಿಸಿದಳು. ಮಾವ ಎಲ್ಲಿ ಎಂದು ಅವನು ಯೋಚಿಸಿದ್ದ, ಖಂಡಿತ ಯೋಚಿಸಿದ್ದ. ಬೆಂಕಿಗೆರೆಯಿಂದ ಮೇಲಿನ ದಾರಿ ಹಿಡಿದು ತಾವೇ ಇಳಿದಿರುತ್ತಾರೆ, ಅವರಿಗೆ ಕಾಡು ಹೇಳಿಕೊಡಬೇಕೆ, ಎಂದು ಯೋಚಿಸಿ ಮುಗಿಸಿಬಿಟ್ಟಿದ್ದ. ರಸ್ತೆ ಸಿಕ್ಕಾಗ, ಬೆಳಗಿನಿಂದ ಕೆಳಗೇ ಇದ್ದ ಹೆಂಡತಿ ಹೊಗೆ ಕಂಡು ಎರಡು ಜೀಪುಗಳನ್ನು ತಿರುಗಿಸಿ ನಿಲ್ಲಿಸಿದ್ದಳು. ಅವಳು ತಲೆ ಎಣಿಸಿದಳು, ಸಾಮಾನು ಎಣಿಸುವವಳ ಹಾಗೆ ಬೆರಳೆತ್ತಿ, ಆಮೇಲೆ ಇನ್ನೊಮ್ಮೆ. "ಅಪ್ಪ ಎಲ್ಲಿ?" ಅಷ್ಟರಲ್ಲಿ ದುರ್ಬೀನು ಇನ್ನೊಂದು ಕಡೆಯಿಂದ ಓಡಿ ಬಂದ, ಕೆಮ್ಮುತ್ತ, ಕಣ್ಣೆಲ್ಲ ಕೆಂಪು. ಅವನೂ ಎಣಿಸಿದ. "ಮಾವ?" ಎಂದ. "ಭಾವ, ಮಾವ ಎಲ್ಲಿ? ಹಳ್ಳದ ಗುಂಡಿ ಹತ್ರ ಇದಾರೆ ಅಂದೆನಲ್ಲ? ಕಾಲು ಉಳುಕಿದೆ, ಕುಂಟ್ತಾ ಇದಾರೆ, ಹೋಗ್ತಾ ಕರ್ಕೊಂಡು ಹೋಗು ಅಂತ ಗಂಟಲು ಹರಿಯೋ ಹಾಗೆ ಕೂಗ್ದೆ!"

"ಇದಾನೆ ಅಂತ ಕೇಳಿಸ್ತು," ಎಂದ ಅವನು.

ಹೆಂಡತಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆ ತಮಾಷೆ ಅವಳಿಗೂ ಗೊತ್ತಿತ್ತು, ಅಪ್ಪನಿಗೆ ಕಾಣದ ಹಾಗೆ ಅವಳೂ ನಕ್ಕಿದ್ದಳು. ಈಗ ಅವಳ ಮುಖದಲ್ಲಿ ಆ ನಗು ನೆನಪಾಗಿ ಬಂದು ಅಲ್ಲೇ ಕೊಳೆಯುವುದನ್ನು ಅವನು ನೋಡಿದ. ಬೆಂಕಿ ಆರಿಸುವವರ ಗಾಡಿ ಆಚೆಯ ಹಳ್ಳಿಯ ಕಡೆ ಹೋಗಿತ್ತು, ಇಲ್ಲಿಗೆ ಬರುವುದು ತಡ. ದುರ್ಬೀನು ತಾನು ಹೋಗುತ್ತೇನೆಂದು ಎದ್ದ, ಎರಡು ಹೆಜ್ಜೆಗೆ ಬಗ್ಗಿ ಕೆಮ್ಮಿ ವಾಂತಿ ಮಾಡಿಕೊಂಡ. "ನೀನು ಜೀಪು ಹತ್ತು. ಇವ್ರನ್ನೆಲ್ಲ ಕರ್ಕೊಂಡು ಹೋಗು," ಎಂದ ಅವನು. "ನಾನು ಹೋಗ್ತೀನಿ." ಇದನ್ನು ಧೈರ್ಯದಿಂದ ಹೇಳಿದನೆಂದು ಅತಿಥಿಗಳು ಎಂದುಕೊಂಡಿರಬೇಕು. ಧೈರ್ಯವಲ್ಲ. ಅಲ್ಲಿ ನಿಂತುಕೊಂಡು ಅವರೆಲ್ಲರ ನಡುವೆ ಉಸಿರಾಡುವುದಕ್ಕಿಂತ ಹೊಗೆಯಲ್ಲಿ ಉಸಿರಾಡುವುದು ಸುಲಭವಾಗಿ ಕಂಡಿತು. ಹೆಂಡತಿ ಜೀಪಿನ ಕ್ಯಾನಿನಿಂದ ಕಂಬಳಿಗೆ ನೀರು ಸುರಿದು, ಹಿಂಡದೆ, ಅವನ ಹೆಗಲಿಗೆ ಹೊದಿಸಿ ಎದೆಯ ಮುಂದೆ ಗಂಟು ಹಾಕಿದಳು. ಗಂಟನ್ನು ಎಳೆದು ನೋಡಿದಳು, ಥೇಟ್ ಅವಳಪ್ಪನ ಹಾಗೆ. "ಒಬ್ಬನೇ ಬರಬೇಡ," ಎಂದಳು.

ಹಳ್ಳದ ದಾರಿ ಕೆಳಗಿನಿಂದ ಹತ್ತುವಾಗ ಗುರುತು ಹತ್ತದಂತಿತ್ತು. ದಿನವೂ ನಡೆವ ದಾರಿಯೇ, ಆದರೆ ಹೊಗೆ ಮರಗಳ ಕಾಲನ್ನು ತಿಂದು ತಲೆಯನ್ನು ಮಾತ್ರ ಉಳಿಸಿತ್ತು. ಅವನು ನೀರಿನಲ್ಲೇ ನಡೆದ, ಕಲ್ಲಿನಿಂದ ಕಲ್ಲಿಗೆ. ಇದಾ, ಆಮೇಲೆ ಒಂದಕ್ಷರ. ಅದು ನೆ ಆಗಿತ್ತೇ? ನೆ ಆದರೆ ನಾಲಗೆ ಹಲ್ಲಿಗೆ ತಾಗುತ್ತದೆ, ಸದ್ದು ಮೂಗಿನಲ್ಲಿ ಉಳಿಯುತ್ತದೆ. ರೆ ಆದರೆ ಬಾಯಿ ತೆರೆದೇ ಇರುತ್ತದೆ. ಅವನು ನಡೆಯುತ್ತಲೇ ಎರಡನ್ನೂ ಬಾಯಲ್ಲಿ ಹೇಳಿ ನೋಡಿದ. ಒದ್ದೆ ಬಟ್ಟೆಯ ಒಳಗೆ ಎರಡೂ ಒಂದೇ ಆದವು. ಆದರೆ ಆಗ ಮೂಗಿಗೆ ಬಟ್ಟೆ ಇರಲಿಲ್ಲವಲ್ಲ. ಆಗ, ಹೆಬ್ಬೆರಳು ಗುಂಡಿಯ ಮೇಲಿದ್ದಾಗ, ಒಂದು ರೆಪ್ಪೆ ಬಡಿಯುವಷ್ಟು ಹೊತ್ತು, ಬಾಯಿ ತೆರೆದ ಸದ್ದೇ ಕೇಳಿಸಿತ್ತು. ಆ ರೆಪ್ಪೆಯಷ್ಟು ಹೊತ್ತಿನಲ್ಲಿ ಅವನು ಮಾವನನ್ನು ನೋಡಿದ್ದ: ಹಳ್ಳದ ದಡದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, ಅತಿಥಿಗಳೆಲ್ಲರ ಎದುರು, ಇಷ್ಟು ಹೊತ್ತಾ ಬರೋಕೆ ಎನ್ನುವ ಮಾವ, ಅವನ ಕೈಯಿಂದ ಜನರ ಸಾಲನ್ನು ಕಿತ್ತುಕೊಂಡು ತಾವೇ ಮುಂದೆ ನಡೆಯುವ ಮಾವ. ಅದು ಬೇಡವಾಗಿತ್ತು. ಒಂದೇ ಒಂದು ದಿನ ಬೇಡವಾಗಿತ್ತು. ಹಾಗಾಗಿ ನೆ ಎಂದು ಕೇಳಿಸಿಕೊಂಡ. ಇಷ್ಟು ಸ್ಪಷ್ಟವಾಗಿ ತಿಳಿದ ಮೇಲೆ ಹೆಜ್ಜೆ ಕುಸಿಯಬೇಕಿತ್ತು. ಕುಸಿಯಲಿಲ್ಲ, ಬದಲಿಗೆ ಬಿರುಸಾಯಿತು. ಅಳುವುದು, ಹಳಿದುಕೊಳ್ಳುವುದು, ಅದೆಲ್ಲ ಆಮೇಲೆ, ಬೇಕಾದಷ್ಟು ಹೊತ್ತಿರುತ್ತದೆ, ಮೊದಲು ಮುದುಕನನ್ನು ಹೊರಗೆ ತರಬೇಕು. ಎಡಗಡೆಯ ದಡದ ಮೇಲೆ ಹುಲ್ಲು ಹೊತ್ತಿಕೊಂಡು, ಯಾರೋ ಗಟ್ಟಿ ಕಾಗದ ಹರಿಯುತ್ತಿರುವಂಥ ಸದ್ದಾಗುತ್ತಿತ್ತು.

ಗುಂಡಿಯ ಹತ್ತಿರ ಮೊದಲು ಕೇಳಿಸಿದ್ದು ಮಾತು. ಮೆಲ್ಲಗಿನ, ತಾಳ್ಮೆಯ, ನೆಂಟರ ಜೊತೆ ಆಡುವಂಥ ಮಾತು. "ಅಲ್ಲೇ ಕೂತ್ಕೊಳ್ಳಿ. ಏನೂ ಅವಸರ ಇಲ್ಲ. ನೀರು ಇಬ್ಬರಿಗೂ ಸಾಕು. ನೀವು ಆ ಕಡೆ, ನಾನು ಈ ಕಡೆ." ಅವನು ಕಲ್ಲಿನ ಸಂದಿಯಿಂದ ತಲೆಯೆತ್ತಿದ. ಮಾವ ಸೊಂಟದವರೆಗೆ ನೀರಿನಲ್ಲಿ ಕೂತು, ಊದಿದ ಕಾಲನ್ನು ಚಪ್ಪಟೆ ಕಲ್ಲಿನ ಮೇಲೆ ಚಾಚಿದ್ದರು. ಎದುರುಗಡೆ, ಒಬ್ಬ ಮನುಷ್ಯ ಅಡ್ಡ ಮಲಗಿದರೆ ಮುಟ್ಟಬಹುದಾದಷ್ಟೇ ದೂರದಲ್ಲಿ, ಕರಡಿ ಕುತ್ತಿಗೆಯವರೆಗೆ ಮುಳುಗಿ ಕೂತಿತ್ತು. ಅದರ ಬೆನ್ನ ಕೂದಲು ಒಂದು ಕಡೆ ಸುಟ್ಟು ಕರಕಾಗಿತ್ತು. ಅದು ಮಾವನನ್ನು ನೋಡುತ್ತಿರಲಿಲ್ಲ, ಬೆಂಕಿಯನ್ನೂ ನೋಡುತ್ತಿರಲಿಲ್ಲ, ನೀರನ್ನೇ ನೋಡುತ್ತ ಏದುಸಿರು ಬಿಡುತ್ತಿತ್ತು. ಕರಡಿಯ ಎದುರು ಓಡಬಾರದು, ಕಿರುಚಬಾರದು, ಮೆಲ್ಲಗೆ ಮಾತಾಡುತ್ತಿರಬೇಕು ಎಂದು ಅತಿಥಿಗಳಿಗೆ ಪಾಠ ಹೇಳುವವರು ಅವರೇ. ಆದರೆ ಹೀಗೆ ಬಹುವಚನದಲ್ಲಿ ಎಂದು ಅವರು ಹೇಳಿರಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವನನ್ನು ನೀವು ಎಂದವರಲ್ಲ. ಹೊಗೆಗೋ ಯಾವುದಕ್ಕೋ ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಜೊತೆಗೆ ಹೊಟ್ಟೆಯಿಂದ ನಗುವೂ ಒತ್ತಿಕೊಂಡು ಬಂತು.

ಮಾವ ತಲೆ ತಿರುಗಿಸದೆ, ಅದೇ ಮೆಲುದನಿಯಲ್ಲಿ, "ಯಾರು?" ಎಂದರು.

"ನಾನು."

"ಅತಿಥಿಗಳು?"

"ಎಲ್ರೂ ರಸ್ತೆ ಸೇರಿದಾರೆ."

"ಸರಿ. ಹಿಂದಿನಿಂದ ಬರಬೇಡ, ಗಾಬರಿ ಆಗುತ್ತೆ ಅದಕ್ಕೆ. ಎದುರಿಗೆ ಕಾಣೋ ಹಾಗೆ ಬಾ. ಬಾಯಿ ನಿಲ್ಲಿಸ್ಬೇಡ, ಏನಾದ್ರೂ ಮಾತಾಡ್ತಾ ಬಾ."

ಏನು ಮಾತಾಡುವುದು? ಅವನು ನೀರಿಗೆ ಇಳಿದ. ಇಬ್ಬರ ನಡುವಿನ ಜಾಗದಲ್ಲೇ ಹಾದು ಹೋಗಬೇಕಿತ್ತು, ಬೇರೆ ಕಡೆ ನೀರು ಆಳ. ಕರಡಿಯ ಕಿವಿ ಅಲ್ಲಾಡಿತು. ಅದು ಗಂಟಲಲ್ಲಿ ಒಂದು ಸದ್ದು ಮಾಡಿತು, ಮೂಟೆ ಎಳೆದ ಹಾಗೆ. "ಚಿಲಕ ಹಾಕಿದ್ದೆ," ಎಂದ ಅವನು ಮೆಲ್ಲಗೆ, ಕರಡಿಗೋ ಮಾವನಿಗೋ. "ಹಾಕಿದ್ದೆ ಅನ್ಸುತ್ತೆ. ಇಲ್ದೇನೂ ಇರಬಹುದು. ಹಿಟ್ಟೆಲ್ಲ ಬಳಿದು ಇಟ್ಟಿದೀನಿ. ನೀವು ಆರಾಮಾಗಿ ಕೂತ್ಕೊಳ್ಳಿ." ಕರಡಿಯ ಉಸಿರು ಅವನ ಸೊಂಟದ ಮೇಲೆ ಬಿತ್ತು, ಬಿಸಿಯಾಗಿ, ಸುಟ್ಟ ಕೂದಲಿನ ನಾತ ಹೊತ್ತು. ಅವನು ಮಾವನ ಎದುರು ಬೆನ್ನು ತಿರುಗಿಸಿ ಕೂತ. ಅಂದರೆ ಅವನ ಮುಖ ಈಗ ನೇರ ಕರಡಿಯ ಕಡೆಗಿತ್ತು. "ಹತ್ತಿ," ಎಂದ. "ಉಪ್ಪಿನ ಮೂಟೆ ಮಾಡ್ಕೊಂಡು ಹೋಗ್ತೀನಿ."

"ಕುಂಟ್ಕೊಂಡು ಬರ್ತೀನಿ. ಹೆಗಲು ಕೊಡು ಸಾಕು."

"ಹತ್ತಿ ಅಂದೆ."

ಮಾವ ಹತ್ತಿದರು. ಅವರು ಇಷ್ಟು ಹಗುರ ಎಂದು ಅವನು ಎಣಿಸಿರಲಿಲ್ಲ, ಅದೇ ಅವನಿಗೆ ಸಿಟ್ಟು ತಂದಿತು. ಹಸಿ ಕಂಬಳಿಯನ್ನು ಇಬ್ಬರ ಮೇಲೂ ಎಳೆದುಕೊಂಡು, ಕರಡಿಗೆ ಬೆನ್ನು ಮಾಡದೆ, ಅಡ್ಡಡ್ಡ ಹೆಜ್ಜೆಯಿಟ್ಟು ಗುಂಡಿ ದಾಟಿದ. ಕರಡಿ ಎದ್ದಿತು. ನೀರು ಅದರ ಮೈಯಿಂದ ಸುರಿಯಿತು. ಅದು ಹೋಗಿ ಮಾವ ಬಿಟ್ಟುಬಂದ ಜಾಗದಲ್ಲಿ, ನೆರಳಿರುವ ಕಲ್ಲಿನ ಬುಡದಲ್ಲಿ, ಭುಸ್ ಎಂದು ಕೂತಿತು. "ಒಳ್ಳೇ ಜಾಗ ಅದು," ಎಂದರು ಮಾವ.

ಹಳ್ಳದ ನಡುವೆಯೇ ಇಳಿದ. ಎರಡೂ ದಡಗಳಲ್ಲಿ ಈಗ ಬೆಂಕಿ ಓಡುತ್ತಿತ್ತು, ಎತ್ತರವಾಗಿ ಅಲ್ಲ, ಮೊಣಕಾಲೆತ್ತರಕ್ಕೆ, ಅವಸರದಲ್ಲಿ. ಬಿಸಿ ಕೆನ್ನೆಯ ಚರ್ಮವನ್ನು ಬಿಗಿಯುತ್ತಿತ್ತು. ಮಾವ ಸುಮ್ಮನಿರಲಿಲ್ಲ. ಎಡಗಡೆ ಕಲ್ಲು ಜಾರುತ್ತೆ, ಬಲಕ್ಕೆ ಇಡು, ಬಗ್ಗು, ಇನ್ನೂ ಬಗ್ಗು. ಅವನು ಹೇಳಿದಂತೆ ಇಟ್ಟ, ಹೇಳಿದಂತೆ ಬಗ್ಗಿದ. ಒಮ್ಮೆ ಮಾತ್ರ ಬಲಕ್ಕೆ ಎಂದಾಗ ಎಡಕ್ಕೆ ಇಟ್ಟ, ಎಡವೇ ಸರಿಯಿತ್ತು. ಬಿದ್ದ ಮರದ ಕೆಳಗೆ ನುಸುಳಿ ಮೇಲೆದ್ದಾಗ ಹೊಗೆ ಸ್ವಲ್ಪ ತೆಳುವಾಗಿತ್ತು. ಆಗ ಮಾವ ಕೇಳಿದರು, "ಇದು ಹತ್ರದ ದಾರಿ. ಇದನ್ನ ಬಿಟ್ಟು ಅವ್ರನ್ನೆಲ್ಲ ಬಂಡೆ ಮೇಲೆ ಯಾಕೆ ಇಳಿಸ್ದೆ?"

"ಇಲ್ಲಿ ಕರಡಿ ಇದೆ ಅಂತ ಕೇಳಿಸ್ತು, ವಾಕಿಟಾಕೀಲಿ."

"ಇತ್ತಲ್ಲ," ಎಂದರು ಮಾವ. "ಸರಿಯಾಗೇ ಕೇಳಿಸಿದೆ. ನೀನು ಮಾಡಿದ್ದು ಒಳ್ಳೇದೇ ಆಯ್ತು. ಅಷ್ಟು ಜನ ಬಂದಿದ್ರೆ ಅದು ಯಾರ ಮೇಲಾದ್ರೂ ಬೀಳ್ತಿತ್ತು."

ಇಷ್ಟು ವರ್ಷದಲ್ಲಿ ಅವರು ಅವನಿಗೆ ಒಳ್ಳೆಯದೆಂದು ಹೇಳಿದ್ದು ಇದೇ ಮೊದಲು. ಅವನು ನಡೆಯುತ್ತಲೇ ಇದ್ದ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಕರಡಿ ನಿಜವಾಗಿ ಇತ್ತು, ಮಾವನೇ ಸಾಕ್ಷಿ. ಹೆಂಡತಿ ನಂಬುತ್ತಾಳೆ, ನಂಬಲು ಅವಳಿಗೂ ಆಸೆ ಇರುತ್ತದೆ. ದುರ್ಬೀನು ಕೂಡ ನಾಳೆಗೆ ತಾನು ಹೇಳಿದ್ದೇ ತಪ್ಪಿರಬೇಕೆಂದು ತಲೆ ಕೆರೆದುಕೊಳ್ಳುತ್ತಾನೆ. ಆ ಒಳ್ಳೇದು ಎಂಬ ಮಾತು ಬೆನ್ನ ಮೇಲಿದ್ದ ಮುದುಕನಿಗಿಂತ ಭಾರವಾಗಿತ್ತು. ಇದನ್ನೂ ಹೊತ್ತುಕೊಂಡು ಇಷ್ಟು ದೂರ ತನ್ನಿಂದಾಗುವುದಿಲ್ಲ, ಎರಡರಲ್ಲಿ ಒಂದನ್ನು ಇಲ್ಲೇ ಇಳಿಸಬೇಕು ಎಂದು ಅವನಿಗೆ ಯಾವ ಉದ್ವೇಗವೂ ಇಲ್ಲದೆ ತಿಳಿಯಿತು.

"ದುರ್ಬೀನು ಹೇಳಿದ್ದು ಕರಡಿ ವಿಷಯ ಅಲ್ಲ," ಎಂದ. "ನಿಮ್ಮ ವಿಷಯ."

"ನನ್ನ ವಿಷಯ ಹೇಳಿದ್ರೆ ನಿಂಗೆ ಕರಡಿ ಅಂತ ಹೇಗಯ್ಯಾ ಕೇಳ್ಸುತ್ತೆ?"

"ಕರಡೀನ ನಾವು ಮಾವ ಅಂತೀವಿ."

ನೀರಿನ ಸದ್ದು, ಬೆಂಕಿಯ ಸದ್ದು. ಒಂದು ಕೊಂಬೆ ಎಲ್ಲೋ ಹಿಂದೆ ಮುರಿದು ಬಿತ್ತು.

"ಯಾರಿಟ್ಟಿದ್ದು?"

"ನಾನು. ಕರಡಿ ಆದ್ರೆ ಇದಾನೆ, ನೀವಾದ್ರೆ ಇದಾರೆ. ಅವನು ಇದಾರೆ ಅಂದ. ನಂಗೂ ಒಂದು ಕ್ಷಣ ಇದಾರೆ ಅಂತಾನೇ ಕೇಳ್ಸಿತ್ತು. ತಿರುಗಿ ಕೇಳ್ಬೇಕಿತ್ತು. ಕೇಳ್ಲಿಲ್ಲ."

ಮಾವನ ಮೈ ಅವನ ಬೆನ್ನ ಮೇಲೆ ಮರದ ತುಂಡಿನ ಹಾಗೆ ಗಟ್ಟಿಯಾಯಿತು. ಕುತ್ತಿಗೆ ಸುತ್ತಿದ್ದ ಕೈಗಳು ಸಡಿಲವಾಗಿ, ಹೆಗಲ ಮೇಲಿಂದ ಜಾರಿ, ಎಲ್ಲೂ ಹಿಡಿಯದೆ ತೂಗಾಡಿದವು. ಹಿಡಿತವಿಲ್ಲದ ಭಾರ ಹಿಂದಕ್ಕೆ ವಾಲಿ ಅವನು ಮುಗ್ಗರಿಸಿದ.

"ಇಳಿಸು," ಎಂದರು ಮಾವ.

"ಇಳಿಸಲ್ಲ."

"ಇಳಿಸು ಅಂದೆ ನನ್ನ."

"ರಸ್ತೆ ಬರ್ಲಿ."

ಮಾವ ಮುಷ್ಟಿ ಬಿಗಿದು ಅವನ ಹೆಗಲಿಗೆ ಗುದ್ದಿದರು. ಮತ್ತೆ ಗುದ್ದಿದರು, ಅದೇ ಜಾಗಕ್ಕೆ, ಮೊಳೆ ಹೊಡೆಯುವವರಂತೆ. ನೋವಾಯಿತು. ಅವನು ಮಾವನ ತೊಡೆಗಳ ಕೆಳಗೆ ಕೈ ಬಿಗಿಮಾಡಿ, ಇನ್ನಷ್ಟು ಮುಂದಕ್ಕೆ ಬಾಗಿ, ಒಂದು ಕಾಲನ್ನು ನೆಟ್ಟಗೆ ಊರಿ ಇನ್ನೊಂದನ್ನು ಎತ್ತಿದ. ಗುದ್ದುಗಳು ಬೀಳುತ್ತಿದ್ದವು, ಅವನು ನಡೆಯುತ್ತಿದ್ದ. ಮುಂದೆ ಹಳ್ಳ ಒಮ್ಮೆಗೇ ಕೆಳಕ್ಕೆ ಇಳಿಯುತ್ತಿತ್ತು, ಪಾಚಿ ಕಟ್ಟಿದ ಕಲ್ಲುಗಳ ಮೇಲೆ. ಅವನು ಅಂಚಿನಲ್ಲಿ ನಿಂತು ಕಾಲಿಡುವ ಜಾಗ ನೋಡಿಕೊಂಡ. ಹೆಗಲ ಮೇಲಿನ ಮುಷ್ಟಿ ಬಿಚ್ಚಿಕೊಂಡಿತು. ಎರಡು ಕೈಗಳೂ ಮತ್ತೆ ಬಂದು ಅವನ ಕುತ್ತಿಗೆಯನ್ನು ಹಿಡಿದವು, ಉಸಿರು ಕಟ್ಟುವಷ್ಟು ಗಟ್ಟಿಯಾಗಿ. ಬೇರೆ ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ಅವನು ಇಳಿಯತೊಡಗಿದ.